"ಬೇಗ ಮುಗಿಯುತ್ತೆ, ಇಲ್ಲೊಂದು ಸಹಿ ಹಾಕಿ" ಅಂದರೆ ಹಾಕಬೇಡಿ

ಹದಿನೆಂಟು ತುಂಬದ ಮಕ್ಕಳು ಮನೆಯಲ್ಲಿದ್ದರೆ ಇದನ್ನು ಓದಿ. ನಮ್ಮ ಹುಡುಗ ಅಂಥವನಲ್ಲ ಅಂತ ನಾವೂ ಅಂದುಕೊಂಡಿದ್ದೆವು.

ಅಕ್ಕನ ಮಗನಿಗೆ 16. ಬೈಕ್ ಕಳವಿನ ವಿಚಾರಕ್ಕೆ ಪೊಲೀಸರು ಅವನನ್ನೂ ಕರೆದುಕೊಂಡು ಹೋಗಿ ರಾತ್ರಿಯಿಡೀ ಲಾಕಪ್‌ನಲ್ಲಿಟ್ಟರು. ಮಕ್ಕಳನ್ನು ಲಾಕಪ್‌ಗೆ ಹಾಕುವ ಹಾಗೇ ಇಲ್ಲ ಅನ್ನೋದು ನಮಗೆ ಆಗ ಎಲ್ಲಿ ಗೊತ್ತು? ಮಾರನೇ ದಿನ, ಹದಿನೆಂಟು ತುಂಬದವರ ಕೇಸು ನೋಡುವ ಬಾಲ ನ್ಯಾಯ ಮಂಡಳಿಯ ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಕ್ಕನ ಹತ್ತಿರ ಒಬ್ಬರು ಟೈಪ್ ಮಾಡಿದ ಹಾಳೆ ಹಿಡಿದು ಬಂದರು. "ವಕೀಲರು ಅಂತ ಹೋದರೆ ವರ್ಷಗಟ್ಟಲೆ ಎಳೆಯುತ್ತೆ ಅಮ್ಮ. ಬೇಡ ಅಂತ ಬರೆದುಕೊಡಿ, ಹುಡುಗ ತಪ್ಪಾಯ್ತು ಅಂದುಬಿಡಲಿ, ಬೈದು ಕಳಿಸ್ತಾರೆ." ಅಕ್ಕ ಸಂಘದ ಪುಸ್ತಕಕ್ಕೆ ಹಾಕುವ ಹಾಗೆ ನಿಧಾನಕ್ಕೆ, ಒಂದೊಂದೇ ಅಕ್ಷರ ಬರೆದು ಸಹಿ ಹಾಕಿದಳು.

ಬೈದು ಕಳಿಸಲಿಲ್ಲ. ಜಾಮೀನು ಕೇಳುವವರೂ ಇಲ್ಲದೆ ಮೊದಲು ವಿಚಾರಣೆ ಮುಗಿಯುವವರೆಗೆ ಮಕ್ಕಳನ್ನಿಡುವ ವೀಕ್ಷಣಾಲಯ, ಆಮೇಲೆ ತಪ್ಪು ಸಾಬೀತಾದ ಮಕ್ಕಳನ್ನಿಡುವ ವಿಶೇಷ ಗೃಹದಲ್ಲಿ ಒಂದು ವರ್ಷ ಅಂತ ಆದೇಶ.

ಇಲ್ಲಿ ನಾವು ಇನ್ನೊಂದು ತಪ್ಪು ಮಾಡಿದೆವು. ಊರಿನ ಪುಢಾರಿಯೊಬ್ಬರ ಮನೆ ಬಾಗಿಲಿಗೆ 19 ದಿನ ಸುಮ್ನೆ ಅಲೆದೆವು. ಮಂಡಳಿಯ ಆದೇಶದ ಮೇಲೆ ಮಕ್ಕಳ ನ್ಯಾಯಾಲಯಕ್ಕೆ ಅಪೀಲು ಹಾಕಲು ಇರೋದು 30 ದಿನ. ತಡವಾದರೆ ಕಾರಣ ಹೇಳಿ ಒಪ್ಪಿಸಬೇಕು. ಕೊನೆಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆವು, ವಕೀಲರನ್ನು ಕೊಟ್ಟರು, ಒಂದು ರೂಪಾಯಿ ಕೇಳಲಿಲ್ಲ.

ಆ ವಕೀಲೆ ಮೇಡಂ ಫೈಲಿನ ನಕಲು ತೆಗೆಸಿದರು. ಹುಡುಗನ ಮನೆ ಪರಿಸ್ಥಿತಿ ವಿಚಾರಿಸಿ ಬರೆಯಬೇಕಾದ ವರದಿ ಇತ್ತಲ್ಲ, ಅದು ಏಳೇ ಸಾಲು. ಅದರಲ್ಲಿ "ತಂದೆ ಆಟೋ ಚಾಲಕ, ಕುಡಿತದ ಚಟ" ಅಂತ ಇತ್ತು. ಭಾವ ತೀರಿಕೊಂಡು ಆರು ವರ್ಷ, ಅವರು ಆಟೋ ಓಡಿಸಿದವರೇ ಅಲ್ಲ. ಬೇರೆ ಯಾವುದೋ ಮಗುವಿನದನ್ನು ಹಾಗೇ ಇಳಿಸಿದ್ದರು.

ಮತ್ತೆ ಆ ಸಹಿ. 2015ರ ಬಾಲ ನ್ಯಾಯ ಕಾಯ್ದೆಯ 3ನೇ ಕಲಮಿನಲ್ಲೇ ಇದೆಯಂತೆ: ಮಗುವಿನ ಹಕ್ಕನ್ನು ಮಗುವಾಗಲಿ, ಅದರ ಪರವಾಗಿ ಇನ್ಯಾರೇ ಆಗಲಿ ಬಿಟ್ಟುಕೊಟ್ಟರೆ ಅದು ಊರ್ಜಿತವಲ್ಲ. ಅಂದರೆ ಅಕ್ಕ ಬರೆದುಕೊಟ್ಟದ್ದಕ್ಕೆ ಬೆಲೆಯೇ ಇಲ್ಲ. ಆದರೂ ಹುಡುಗ ಒಳಗಿದ್ದ!

ಅಮೆರಿಕದಲ್ಲೂ ಹೀಗಾಗಿದೆ ಅಂತ ಮೇಡಂ ಹೇಳಿದರು. ಪೆನ್ಸಿಲ್ವೇನಿಯಾದ ಲುಝರ್ನ್ ಕೌಂಟಿಯಲ್ಲಿ ಸಿಯಾವರೆಲ್ಲಾ ಅನ್ನೋ ಜಡ್ಜ್ ಎಷ್ಟೋ ಮಕ್ಕಳನ್ನು ವಕೀಲರಿಲ್ಲದೆ, ನಿಮಿಷಗಳಲ್ಲಿ ವಿಚಾರಣೆ ಮುಗಿಸಿ ಒಳಗೆ ಕಳಿಸುತ್ತಿದ್ದ. ಖಾಸಗಿ ಬಂದೀಖಾನೆ ಕಟ್ಟಿದವನ ದುಡ್ಡು ಅವನಿಗೂ ಹೋಗಿತ್ತು. 2009ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಹಳೇ ಫೈಲುಗಳನ್ನೆಲ್ಲ ತರಿಸಿ ನೋಡಿಸಿ, ಸಾವಿರಾರು ಆದೇಶ ರದ್ದು ಮಾಡಿತು. ನಮ್ಮಲ್ಲೂ ಹೈಕೋರ್ಟಿಗೆ ಹಾಗೆ ಫೈಲು ತರಿಸಿಕೊಳ್ಳುವ ಅಧಿಕಾರ ಇದೆ, ಅದೇ ಬಾಲ ನ್ಯಾಯ ಕಾಯ್ದೆಯ 102ನೇ ಕಲಮು. ಆದರೆ ಯಾರಾದರೂ ಕೇಳಬೇಕಲ್ವಾ?

ನಮಗೆ ಅಷ್ಟು ದೂರ ಹೋಗುವ ಹಾಗಾಗಲಿಲ್ಲ. ಮಕ್ಕಳ ನ್ಯಾಯಾಲಯವೇ ಆದೇಶ ರದ್ದು ಮಾಡಿ, ವಕೀಲರನ್ನಿಟ್ಟು ಮೊದಲಿಂದ ವಿಚಾರಿಸಿ ಅಂತ ವಾಪಸ್ ಕಳಿಸಿತು. 74 ದಿನ ಆದ ಮೇಲೆ ಹುಡುಗ ಮನೆಗೆ ಬಂದ. ಫಸ್ಟ್ ಪಿಯುಸಿ ಪರೀಕ್ಷೆ ಹೋಯಿತು.

ನಿಮಗೆ ಇಂಥದ್ದು ಬಂದರೆ ಬೆಂಚಿನಲ್ಲಿ ಕೂತಲ್ಲಿಂದಲೇ 15100ಕ್ಕೆ ಫೋನ್ ಮಾಡಿ, ಉಚಿತ ಕಾನೂನು ನೆರವಿನ ನಂಬರು ಅದು. ಯಾವ ಹಾಳೆ ಕೊಟ್ಟರೂ ಮೊದಲು ಮೊಬೈಲಲ್ಲಿ ಫೋಟೋ ತೆಗೆದುಕೊಳ್ಳಿ.

ಕೇಸು ಇನ್ನೂ ನಡೆಯುತ್ತಿದೆ. ಅಕ್ಕ ಈಗ ಕೊರಿಯರ್ ಹುಡುಗನಿಗೆ ಸಹಿ ಹಾಕುವುದಕ್ಕೂ ನನಗೆ ಫೋನ್ ಮಾಡಿ ಕೇಳುತ್ತಾಳೆ.