72 ಪೈಂಟು, ಮೂರು ದಿನ: ನಮ್ಮ ಬೀದಿ ಮೂಲೆಯ ಪಬ್ಬು

ಈ ಪಬ್ಬನ್ನು ನಾನು ಮೊದಲು ನೋಡಿದ್ದು ಕೆಳಗಿನಿಂದ. 2008ರ ಆಗಸ್ಟ್, ಒಂದು ಶನಿವಾರ ಮಧ್ಯಾಹ್ನ. ನೆಲಮಾಳಿಗೆಯ ಕೂಲರ್ ನಿಂತುಹೋಗಿದೆ, ಸಂಜೆಯೊಳಗೆ ಸರಿ ಆಗಲೇಬೇಕು ಅಂತ ಫೋನ್ ಬಂತು. ಅಂಗಡಿಗಳ ಫ್ರಿಜ್ಜು, ಹೋಟೆಲುಗಳ ಕೋಲ್ಡ್ ರೂಮು, ಪಬ್ಬುಗಳ ಕೂಲರು ರಿಪೇರಿ ಮಾಡುವುದು ನನ್ನ ಕೆಲಸ. ಹೆಂಡತಿಗೆ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ನರ್ಸ್ ಕೆಲಸ ಸಿಕ್ಕಿ ನಾವು ಇಲ್ಲಿಗೆ ಬಂದು ಆಗ ನಾಲ್ಕು ವರ್ಷ. ಪಬ್ಬು ನಮ್ಮ ಮನೆಯಿಂದ ಮೂರು ನಿಮಿಷದ ದಾರಿ. ಆದರೂ ಅಲ್ಲಿವರೆಗೆ ಒಳಗೆ ಕಾಲಿಟ್ಟಿರಲಿಲ್ಲ. ಬಾಗಿಲ ಗಾಜು ಮಬ್ಬು, ಒಳಗೆ ಯಾರಿದ್ದಾರೆಂದು ಕಾಣುತ್ತಿರಲಿಲ್ಲ. ನಮ್ಮಂಥವರು ಹೋಗಬಹುದೋ ಇಲ್ಲವೋ ಎಂಬ ಅಳುಕು.

ಕಡಿದಾದ ಹನ್ನೊಂದು ಮೆಟ್ಟಿಲು ಇಳಿದರೆ ಕಲ್ಲು ಹಾಸಿನ ನೆಲ, ಸುಣ್ಣ ಬಳಿದ ಗೋಡೆ, ಹಸಿ ಹಿಟ್ಟು ಹುಳಿ ಬಂದ ಹಾಗೊಂದು ವಾಸನೆ. ಮರದ ಅಟ್ಟಣೆಯ ಮೇಲೆ ಐದು ಪೀಪಾಯಿ ಅಡ್ಡ ಮಲಗಿದ್ದವು. ಥರ್ಮಾಮೀಟರ್ 19 ಡಿಗ್ರಿ ತೋರಿಸುತ್ತಿತ್ತು, ಇರಬೇಕಾದದ್ದು 11ರಿಂದ 13. ಪಬ್ಬು ನಡೆಸುತ್ತಿದ್ದ ಹೆಂಗಸು, ಆಗ ಐವತ್ತರ ಆಸುಪಾಸು, ಒದ್ದೆ ಗೋಣಿಚೀಲಗಳನ್ನು ಪೀಪಾಯಿಗಳ ಮೇಲೆ ಹೊದಿಸುತ್ತಿದ್ದರು, ಜ್ವರ ಬಂದ ಮಗುವಿಗೆ ತಣ್ಣೀರು ಬಟ್ಟೆ ಹಾಕುವ ಹಾಗೆ. ಕಂಡೆನ್ಸರ್ ಫ್ಯಾನಿನ ಮೋಟಾರು ಸುಟ್ಟಿತ್ತು. ಬದಲಾಯಿಸುವಷ್ಟರಲ್ಲಿ ಆರು ಗಂಟೆ. ತಂಪು ಇಳಿಯಲಿ ಅಂತ ಕಾಯುತ್ತಾ ನಿಂತಾಗ ಅವರು ಆ ಪೀಪಾಯಿಗಳ ವಿಷಯ ಹೇಳಿದರು. ಇವತ್ತಿಗೂ ಯಾವ ಪಬ್ಬಿಗೆ ಹೋದರೂ ನಾನು ಆ ಮಾತಿನ ಮೇಲೇ ಅಳೆಯುತ್ತೇನೆ.

ಕ್ಯಾಸ್ಕ್ ಏಲ್ ಅಂದರೆ ಇನ್ನೂ ಜೀವ ಇರುವ ಬಿಯರು. ಬ್ರೂವರಿಯಿಂದ ಬರುವಾಗಲೂ ಅದರೊಳಗೆ ಯೀಸ್ಟ್ ಇರುತ್ತದೆ, ಪೀಪಾಯಿಯೊಳಗೇ ಎರಡನೇ ಸಲ ಹುದುಗುತ್ತದೆ. ಬಂದ ಪೀಪಾಯಿಯನ್ನು ಮಲಗಿಸಿ, ಮೇಲಿನ ಬಿರಡೆಗೆ ಮೆತ್ತನೆ ಮರದ ಬೆಣೆ ಹೊಡೆದು ಒಳಗಿನ ಗ್ಯಾಸು ನಿಧಾನಕ್ಕೆ ಹೋಗಲು ಬಿಡಬೇಕು. ಸದ್ದಡಗಿದ ಮೇಲೆ ಗಟ್ಟಿ ಬೆಣೆ. ಗಷ್ಟು ತಳಕ್ಕೆ ಕೂತು ತಿಳಿಯಾದ ಮೇಲೆ ಮಾರಾಟ. ಒಮ್ಮೆ ಸುರಿಯಲು ಶುರು ಮಾಡಿದರೆ, ಹೋದಷ್ಟು ಬಿಯರಿನ ಜಾಗಕ್ಕೆ ಗಾಳಿ ಬರುತ್ತದೆ. ಆಮೇಲೆ ಮೂರು ದಿನ ಅದು ಚೆನ್ನಾಗಿರುತ್ತದೆ. ನಾಲ್ಕನೇ ದಿನ ಸಪ್ಪೆ, ಆಮೇಲೆ ಹುಳಿ. ಫರ್ಕಿನ್ ಅನ್ನುವ ಪೀಪಾಯಿಯಲ್ಲಿ 9 ಗ್ಯಾಲನ್, ಅಂದರೆ 72 ಪೈಂಟು. ಒಂದು ಪೈಂಟಿಗೆ 568 ಮಿಲಿಲೀಟರು. ಮೂರು ದಿನದಲ್ಲಿ 72 ಪೈಂಟು ಹೋಗದಿದ್ದರೆ ಉಳಿದದ್ದು ಚರಂಡಿಗೆ ಅಥವಾ, ಮನಸ್ಸು ಕೆಟ್ಟದ್ದಾಗಿದ್ದರೆ, ಗಿರಾಕಿಯ ಗ್ಲಾಸಿಗೆ.

ಜನ ಬಂದರೆ ಬಿಯರು ಚೆನ್ನಾಗಿರುತ್ತದೆ, ಬಿಯರು ಚೆನ್ನಾಗಿದ್ದರೆ ಜನ ಬರುತ್ತಾರೆ. ತಿರುಗಿ ಹೇಳಿದರೂ ಅಷ್ಟೇ ನಿಜ. ಈ ಪಬ್ಬಿನ ಹದಿನೇಳು ವರ್ಷದ ಏಳುಬೀಳನ್ನೆಲ್ಲ ನಾನು ನೋಡಿದ್ದು ಈ ಲೆಕ್ಕದಲ್ಲೇ.

ಆ ಸಂಜೆ ಅವರು ಅರ್ಧ ಪೈಂಟು ಕೈಗಿಟ್ಟು 'ಕುಡಿ, ಲವ್' ಅಂದರು. ಈ ಊರಲ್ಲಿ ಗಂಡಸರು ಗಂಡಸರನ್ನೂ ಲವ್ ಅಂತಲೇ ಕರೆಯುತ್ತಾರೆ. ಅಬ್ಬೇಡೇಲ್ ಬ್ರೂವರಿಯ ಮೂನ್‌ಶೈನ್, ಶೇಕಡ 4.3 ಆಲ್ಕೋಹಾಲಿನದು. ತಿಳಿ ಹೊಂಬಣ್ಣ, ಮೇಲೆ ಎರಡು ಬೆರಳು ದಪ್ಪದ ಕೆನೆಯಂಥ ನೊರೆ. ಇಲ್ಲಿ ಉತ್ತರದ ಕಡೆ, ಒಂದೊಂದು ಪೀಪಾಯಿಯ ಬಿಯರನ್ನು ಮೇಲಕ್ಕೆ ಎಳೆಯುವ ಕೈಪಂಪಿನ ತುದಿಗೆ ಸಣ್ಣ ತೂತುಗಳ ಬಿಲ್ಲೆ ಹಾಕುತ್ತಾರೆ, ನೊರೆ ಬರುವುದು ಅದರಿಂದ. ನಾನು ಕುಡಿದ ಮೊದಲ ಏಲ್ ಅದು.

ಆಮೇಲಿನ ನಾಲ್ಕು ವರ್ಷ ಒಳ್ಳೆಯ ದಿನಗಳು. ಹೆಂಡತಿಯೂ ಬರತೊಡಗಿದಳು. ಅವಳು ಕುಡಿಯುವುದು ಲೈಮ್ ಸೋಡಾ. ನೈಟ್ ಶಿಫ್ಟಿನ ಮಾರನೇ ಸಂಜೆ ಮೂಲೆ ಬೆಂಚಿನಲ್ಲಿ ಒಬ್ಬಳೇ ಕೂತು ಊರಿನ ಪತ್ರಿಕೆ ಓದುತ್ತಿದ್ದಳು. ಯಾಕೆ ಒಬ್ಬಳೇ ಬಂದೆ, ಏನು ಕುಡಿಯುತ್ತೀ ಅಂತ ಯಾರೂ ಕೇಳುತ್ತಿರಲಿಲ್ಲ. 'ನಾ ದೆನ್' ಅಂತ, ಇಲ್ಲಿಯವರ ನಮಸ್ಕಾರ ಅದು, ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ನವೆಂಬರ್ ಬಂದರೆ ಕ್ಯಾರಲ್ ಹಾಡು. ಶೆಫೀಲ್ಡಿನ ಈ ಭಾಗದ ಹಳ್ಳಿಗಳಲ್ಲಿ, ಡಂಗ್‌ವರ್ತ್, ವೊರಾಲ್ ಕಡೆ, ಕ್ರಿಸ್‌ಮಸ್ ಹಾಡುಗಳನ್ನು ಚರ್ಚಿಗಿಂತ ಹೆಚ್ಚಾಗಿ ಪಬ್ಬಿನಲ್ಲಿ ಹಾಡುತ್ತಾರೆ. ಒಂದೇ ಸಾಹಿತ್ಯಕ್ಕೆ ಹತ್ತಾರು ಮಟ್ಟು, ಹಲವರ ಕೈಯಲ್ಲಿ ಪುಸ್ತಕವೇ ಇರುವುದಿಲ್ಲ. ನಮ್ಮ ಪಬ್ಬಿನಲ್ಲೂ ಎರಡು ಭಾನುವಾರ ಹಾಡಿಸುತ್ತಿದ್ದರು. ಭಜನೆಯಲ್ಲಿ ಬೆಳೆದವಳು ನನ್ನ ಹೆಂಡತಿ, ಎರಡನೇ ವರ್ಷಕ್ಕೇ ಗಂಡಸರ ಕೆಳದನಿಯ ಮೇಲೆ ತನ್ನ ದನಿ ಕೂಡಿಸಿದಳು.

2007ರ ಜುಲೈ 1ರಿಂದ ಒಳಗೆ ಸಿಗರೇಟು ಸೇದುವಂತಿಲ್ಲ ಅಂತಾಗಿದ್ದೇ ಪಬ್ಬುಗಳನ್ನು ಕೊಂದಿತು ಅಂತ ಈಗಲೂ ಕೆಲವರು ಹೇಳುತ್ತಾರೆ. ನಮ್ಮಲ್ಲಿ ಒಂದಷ್ಟು ಹಳಬರು ಬರುವುದು ಬಿಟ್ಟದ್ದು ನಿಜ. ಆದರೆ ಹೊಗೆ ಹೋದದ್ದಕ್ಕೇ ನನ್ನ ಹೆಂಡತಿಯಂಥವರು ಒಳಗೆ ಬಂದರು. ಕೊಂದದ್ದು ಬೇರೆ.

ಕಟ್ಟಡ ಆಕೆಯದಾಗಿರಲಿಲ್ಲ, ಒಂದು ದೊಡ್ಡ ಕಂಪನಿಯದು. ಮೊದಲು ಬಹಳಷ್ಟು ಪಬ್ಬುಗಳು ಬ್ರೂವರಿಗಳ ಕೈಯಲ್ಲಿದ್ದವು. 1989ರಲ್ಲಿ ಸರಕಾರ ನಿಯಮ ತಂದು, ಎರಡು ಸಾವಿರಕ್ಕಿಂತ ಹೆಚ್ಚು ಪಬ್ಬಿರುವ ಬ್ರೂವರಿಗಳ ಹಿಡಿತ ಸಡಿಲಿಸಿತು. ಅವು ಮಾರಿದ ಪಬ್ಬುಗಳನ್ನು ಕೊಂಡವರು ಬಿಯರು ಮಾಡುವವರಲ್ಲ, ಕಟ್ಟಡ ಇಟ್ಟುಕೊಂಡು ಬಾಡಿಗೆ ಎತ್ತುವ ಕಂಪನಿಗಳು. ಹಳೆಯ ಕಟ್ಟು ಮಾತ್ರ ಹಾಗೇ ಉಳಿಯಿತು: ಬಾಡಿಗೆಗೆ ನಡೆಸುವವರು ಬಿಯರನ್ನು ಮಾಲೀಕರ ಪಟ್ಟಿಯಿಂದ, ಮಾಲೀಕರ ದರಕ್ಕೇ ಕೊಳ್ಳಬೇಕಿತ್ತು. ಆಕೆ ಒಮ್ಮೆ ನನಗೆ ಬಿಲ್ಲು ತೋರಿಸಿದರು. ಎರಡು ಮೈಲಿ ದೂರದ ಬ್ರೂವರಿ ನೇರವಾಗಿ ಕೊಡುವ ದರಕ್ಕಿಂತ ಪೀಪಾಯಿಗೆ 40 ಪೌಂಡಿಗೂ ಹೆಚ್ಚು. 2012ರಲ್ಲಿ ಬಾಡಿಗೆ ಏರಿಸಿದಾಗ ಬೀಗದ ಕೈ ಕೊಟ್ಟು ಹೋದರು. ಹಳೆಯ ಮಾಲೀಕರ ಕಾಲದ ಲೆಕ್ಕ ಇನ್ನೂ ಪೂರ್ತಿ ಚುಕ್ತಾ ಆಗಿಲ್ಲ ಅಂತ ಈಗ ಪಬ್ಬು ನಡೆಸುವ ಸಮಿತಿಯವರು ಹೇಳಿರುವುದರಿಂದ ನಾನು ಕಂಪನಿಯ ಹೆಸರಾಗಲಿ ಪಬ್ಬಿನ ಹೆಸರಾಗಲಿ ಬರೆಯುತ್ತಿಲ್ಲ. ಶೆಫೀಲ್ಡಿನ ವಾಕ್ಲಿಯ ಏರು ಬೀದಿಗಳನ್ನು ಹತ್ತಿದವರಿಗೆ ಗೊತ್ತಾಗುತ್ತದೆ.

ನಂತರದ ನಾಲ್ಕೂವರೆ ವರ್ಷದಲ್ಲಿ ಮೂವರು ಬಂದು ಹೋದರು. ಯಾರೂ ಕೆಟ್ಟವರಲ್ಲ. ಕೊನೆಯವನಂತೂ ಹೆಂಡತಿ ಮಕ್ಕಳ ಸಮೇತ ಮೇಲಿನ ಕೋಣೆಗಳಲ್ಲಿ ಬದುಕಿ ದಿನಕ್ಕೆ ಹದಿನಾಲ್ಕು ಗಂಟೆ ದುಡಿದ. ಆದರೆ ಬಾಡಿಗೆ ಹೊರೆಗೆ ಒಂದೊಂದೇ ಖರ್ಚು ಕಡಿದರು, ಮೊದಲು ಕಡಿದದ್ದು ಕಣ್ಣಿಗೆ ಕಾಣದ್ದನ್ನು. ವಾರಕ್ಕೊಮ್ಮೆ ಪೈಪು ತೊಳೆಯಬೇಕಾದದ್ದು ಮೂರು ವಾರಕ್ಕೊಮ್ಮೆ ಆಯಿತು. ಕೂಲರಿನ ಸರ್ವಿಸ್ ನಿಂತಿತು. ಐದು ಕೈಪಂಪು ಇದ್ದದ್ದು ಮೂರಾಯಿತು, ಆಮೇಲೆ ಒಂದು. 2015ರ ಒಂದು ಮಂಗಳವಾರ ನನಗೆ ಕೊಟ್ಟ ಪೈಂಟು ಮೂಗಿನ ಹತ್ತಿರ ತಂದರೆ ವಿನೆಗರ್. ಬದಲಿಸಿಕೊಡಿ ಅಂತ ಕೇಳಲು ಬಾಯಿ ಬರಲಿಲ್ಲ, ಅವನ ಮುಖ ಅಷ್ಟು ಸೋತಿತ್ತು. ನಾನು ಗ್ಲಾಸು ಹಾಗೇ ಬಿಟ್ಟು ಬಂದೆ. ಆಮೇಲೆ ಆರು ತಿಂಗಳು ಹೋಗಲಿಲ್ಲ. ಇದನ್ನು ಬರೆಯುವಾಗ ನೋವಾಗುತ್ತದೆ. ಬಿಟ್ಟು ಬಂದವರಲ್ಲಿ ನಾನೂ ಒಬ್ಬ. 72ರ ಲೆಕ್ಕ ಗೊತ್ತಿದ್ದೂ ಬಿಟ್ಟು ಬಂದೆ.

2017ರ ಜನವರಿಯಲ್ಲಿ ಕಿಟಕಿಗೆ ಹಲಗೆ ಹೊಡೆದರು. ಫ್ಲ್ಯಾಟು ಮಾಡುತ್ತಾರಂತೆ ಅಂತ ಸುದ್ದಿ. ಆಗ ಬೀದಿಯವರು, ಮುಖ್ಯವಾಗಿ ಎದುರು ಮನೆಯ ನಿವೃತ್ತ ಮೇಷ್ಟ್ರಮ್ಮ, 2011ರ ಲೋಕಲಿಸಂ ಕಾಯ್ದೆ ಹಿಡಿದು ನಗರಸಭೆಗೆ ಅರ್ಜಿ ಹಾಕಿದರು. ಊರಿಗೆ ಬೇಕಾದ ಜಾಗ ಅಂತ ಒಂದು ಕಟ್ಟಡವನ್ನು ಪಟ್ಟಿಗೆ ಸೇರಿಸಿದರೆ, ಮಾಲೀಕರು ಮಾರಲು ಹೊರಟಾಗ ಆರು ವಾರದೊಳಗೆ ನಾವೂ ಕೊಳ್ಳುವವರು ಅಂತ ಆಗ ಹೇಳಬಹುದಿತ್ತು. ಹೇಳಿದರೆ ಆರು ತಿಂಗಳು ಬೇರೆಯವರಿಗೆ ಮಾರುವಂತಿರಲಿಲ್ಲ. ನಮಗೇ ಮಾರಬೇಕೆಂದೇನೂ ಇರಲಿಲ್ಲ, ದುಡ್ಡು ಕೂಡಿಸಲು ಸಮಯ ಸಿಗುತ್ತಿತ್ತು, ಅಷ್ಟೇ. ಅದೇ ವರ್ಷ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಪಬ್ಬನ್ನು ಕೆಡವಲು, ಬೇರೆ ಬಳಕೆಗೆ ತಿರುಗಿಸಲು ಯೋಜನಾ ಅನುಮತಿ ಕಡ್ಡಾಯವೂ ಆಯಿತು. ಲಂಡನ್ನಿನ ನನ್‌ಹೆಡ್ಡಿನಲ್ಲಿ ಐವಿ ಹೌಸ್ ಅನ್ನುವ ಪಬ್ಬನ್ನು 2013ರಲ್ಲಿ ಜನರೇ ಕೊಂಡು ತೆರೆದಿದ್ದರು. ನಮ್ಮ ಊರಲ್ಲೇ, ನೀಪ್ಸೆಂಡಿನ ಗಾರ್ಡನರ್ಸ್ ರೆಸ್ಟನ್ನೂ ಅದೇ 2017ರಲ್ಲಿ ಜನ ಕೊಂಡರು. ಹೋಗಿ ನೋಡಿ ಬಂದೆವು, ಧೈರ್ಯ ಬಂತು.

ಪಬ್ಬು ಕೊಳ್ಳುವ ದುಡ್ಡಿಗಾಗಿ ಶೇರು ಮಾರುವ ಸಭೆಯಿಂದ ಮನೆಗೆ ಬಂದು ಅರ್ಜಿ ಮೇಜಿನ ಮೇಲಿಟ್ಟೆ. 'ಅಲ್ರೀ, ಈ ದುಡ್ಡು ವಾಪಸ್ ಬರತೇತೇನು?' ಅಂದಳು ಹೆಂಡತಿ. ಬರದೆಯೂ ಇರಬಹುದು ಅಂದೆ. ಸ್ವಲ್ಪ ಹೊತ್ತು ಕಾಗದ ನೋಡಿದಳು. 'ನೂರು ಪೌಂಡ್ ಹಾಕಿದವರಿಗೂ ಒಂದ ವೋಟು, ಐದು ಸಾವಿರ ಹಾಕಿದವರಿಗೂ ಒಂದ ವೋಟು ಅಂತ ಬರದದಲ್ರೀ.' ಹೌದು, ಒಬ್ಬರಿಗೆ ಒಂದೇ ಮತ. 'ಹಂಗಾರ ನಂದೂ ಒಂದು ಬ್ಯಾರೆ ಹಾಕ್ರಿ' ಅಂದಳು. ಇಬ್ಬರದೂ ಸೇರಿ 400 ಪೌಂಡು.

2019ರ ಏಪ್ರಿಲಿನಲ್ಲಿ ಬಾಗಿಲು ತೆರೆಯಿತು. ನೆಲಮಾಳಿಗೆಯ ಕೂಲರನ್ನು ನಾನೇ ಕೂಲಿ ತೆಗೆದುಕೊಳ್ಳದೆ ಕೂರಿಸಿಕೊಟ್ಟೆ. ಹನ್ನೊಂದೇ ತಿಂಗಳು. 2020ರ ಮಾರ್ಚ್ 20ರ ಶುಕ್ರವಾರ ಸಂಜೆ, ಇವತ್ತು ರಾತ್ರಿಯಿಂದಲೇ ಪಬ್ಬುಗಳೆಲ್ಲ ಮುಚ್ಚಬೇಕು ಅಂತ ಪ್ರಧಾನಿ ಹೇಳಿದರು. ವಾರಾಂತ್ಯಕ್ಕೆಂದು ಆರು ಪೀಪಾಯಿ ತರಿಸಿತ್ತು. ನಾಲ್ಕಕ್ಕೆ ಆಗಲೇ ನಲ್ಲಿ ಚುಚ್ಚಿಯಾಗಿತ್ತು. ನಾವು ಮೂವರು ಅಂತರ ಬಿಟ್ಟು ನಿಂತು, ಜಗ್ಗುಗಳಲ್ಲಿ ತುಂಬಿ ಬೀದಿಯ ಮನೆ ಮನೆಯ ಹೊಸ್ತಿಲಿಗೆ ಇಟ್ಟು ಬಂದೆವು. ಆದರೂ ಎರಡೂವರೆ ಪೀಪಾಯಿ ಉಳಿಯಿತು. ಮಾರನೇ ವಾರ ನೆಲಮಾಳಿಗೆಯ ಗುಂಡಿಗೆ ಸುರಿದೆವು. ತಿಳಿಯಾಗಿ ಹರಿದು, ಕೊನೆಗೆ ಕದಡಿ, ಗಷ್ಟು ಬಂತು. ಮ್ಯಾನೇಜರ್ ಹುಡುಗಿ ಪೊರಕೆ ಹಿಡಿದುಕೊಂಡೇ ಅತ್ತಳು.

ಜುಲೈನಲ್ಲಿ ತೆರೆದು, ನವೆಂಬರಿನಲ್ಲಿ ಮುಚ್ಚಿ, 2021ರ ಏಪ್ರಿಲ್‌ನಲ್ಲಿ ಅಂಗಳದಲ್ಲಿ ಮಾತ್ರ, ಮೇ ತಿಂಗಳಲ್ಲಿ ಒಳಗೆ. ಆಮೇಲೆ ಕರೆಂಟು, ಗ್ಯಾಸಿನ ಬಿಲ್ಲು. ಅದನ್ನೆಲ್ಲ ಬಿಡಿಸಿ ಬರೆಯುವುದಿಲ್ಲ, ಎಲ್ಲ ಕಡೆಯ ಕಥೆಯೂ ಅದೇ.

ಈಗ ಹೇಗಿದೆ ಅಂದರೆ: ಚೆನ್ನಾಗಿದೆ, ಚಿಕ್ಕದಾಗಿ ಚೆನ್ನಾಗಿದೆ. ಐದು ಕೈಪಂಪು ಮತ್ತೆ ಹಾಕಬೇಕೆಂದು ಮೊದಲ ಸಭೆಯಲ್ಲಿ ಬಹಳ ಜನ ಹಟ ಹಿಡಿದರು. ಮೂರೇ ಸಾಕು ಅಂತ ನಾನು ಎದ್ದು ನಿಂತು ಆ ಲೆಕ್ಕ ಹೇಳಿದೆ. ಐದು ಅಂದರೆ ಮೂರು ದಿನದಲ್ಲಿ 360 ಪೈಂಟು, ನಮ್ಮ ಬೀದಿಗೆ ಅದು ಸಾಧ್ಯವಿಲ್ಲ. ಮೂರಕ್ಕೆ ನಿಂತಿತು. ಒಂದರಲ್ಲಿ ಯಾವಾಗಲೂ ಮೂನ್‌ಶೈನ್, ಒಂದರಲ್ಲಿ ಕಪ್ಪು ಬಿಯರು, ಮೂರನೆಯದು ಬದಲಾಗುತ್ತಿರುತ್ತದೆ. ಥಾರ್ನ್‌ಬ್ರಿಜ್ ಬ್ರೂವರಿಯ ಜೈಪುರ್ ಬಂದ ವಾರ ಹೆಸರು ನೋಡಿ ಕೇಳಬೇಡಿ, ಶೇಕಡ 5.9 ಇದೆ, ಅರ್ಧ ತೆಗೆದುಕೊಳ್ಳಿ. ಮೂನ್‌ಶೈನ್ ಪೈಂಟಿಗೆ 4 ಪೌಂಡ್ 20. ಪಟ್ಟಣದ ನಡುವಿನಲ್ಲಿ ಇದಕ್ಕಿಂತ ಹೆಚ್ಚು. 2023ರ ಆಗಸ್ಟಿನಿಂದ ಪಬ್ಬಿನ ಪೀಪಾಯಿ ಬಿಯರಿಗೆ ಡಬ್ಬಿ ಬಿಯರಿಗಿಂತ ಸುಂಕ ಕಡಿಮೆ ಮಾಡಿದ್ದಾರೆ. ಪೈಂಟಿಗೆ ಉಳಿಯುವುದು ಕೆಲವೇ ಪೆನ್ಸು.

ಊಟ ಅಂತ ಏನಿಲ್ಲ, ಹಿಟ್ಟಿನ ಹೊದಿಕೆಯೊಳಗೆ ಹೂರಣ ತುಂಬಿ ಬೇಯಿಸಿದ ಪೈ ಮಾತ್ರ. ಮಾಂಸ ತಿನ್ನದವರಿಗೆ ಚೀಸ್ ಈರುಳ್ಳಿಯದು. ಹೆಂಡರ್ಸನ್ಸ್ ರೆಲಿಶ್ ಅನ್ನುವ ಶೆಫೀಲ್ಡಿನ ಸಾಸಿನ ಬಾಟಲಿ ಎಲ್ಲ ಮೇಜಿನ ಮೇಲೂ ಇರುತ್ತದೆ, ಧಾರಾಳವಾಗಿ ಹಾಕಿಕೊಳ್ಳಿ. ಪೈಯ ತಳ ಕೆಲವೊಮ್ಮೆ ಮೆತ್ತಗಾಗಿರುತ್ತದೆ, ಓವನ್ ಹಳೆಯದು. ಹಿಂದಿನ ಕೋಣೆ ಚಳಿಗಾಲದಲ್ಲಿ ನಿಜವಾಗಿಯೂ ತಣ್ಣಗೆ, ಕೋಟು ತೆಗೆಯಲಾಗುವುದಿಲ್ಲ. ನನ್ನ ದೊಡ್ಡ ದೂರು ಶೌಚಾಲಯದ್ದು. ಆರು ಮೆಟ್ಟಿಲು ಇಳಿಯಬೇಕು, ಒಂದೇ ಕಡೆ ಕಂಬಿ. ಗಾಲಿಕುರ್ಚಿಯವರಿಗೆ ಸಾಧ್ಯವೇ ಇಲ್ಲ. ಊರಿನವರೆಲ್ಲರ ಪಬ್ಬು ಅಂತ ಹೇಳಿಕೊಂಡ ಮೇಲೆ ಇದು ಸರಿಯಲ್ಲ. ಮೇಲೆ ಒಂದು ಕಟ್ಟಿಸಲು ದುಡ್ಡು ಕೂಡಿಸುತ್ತಿದ್ದಾರೆ, ಕೌಂಟರಿನ ಮೇಲೆ ಡಬ್ಬಿ ಇದೆ, ಚಿಲ್ಲರೆ ಹಾಕಿ.

ಕೌಂಟರಿನಲ್ಲಿ ಇರುವವರಲ್ಲಿ ಇಬ್ಬರಿಗೆ ಸಂಬಳ, ಉಳಿದವರು ಬೀದಿಯವರೇ. ಹಾಗಾಗಿ ಕೆಲವೊಮ್ಮೆ ಕೈ ನಿಧಾನ. ನೊರೆ ಹೆಚ್ಚಾಗಿದ್ದರೆ ತುಂಬಿಸಿ ಅಂತ ಕೇಳಿ, ಬೇಜಾರಿಲ್ಲದೆ ತುಂಬಿಸುತ್ತಾರೆ. ಬಿಯರು ಹುಳಿ ಅನ್ನಿಸಿದರೆ ದಯವಿಟ್ಟು ಹೇಳಿ, ನಾನು ಮಾಡಿದ ಹಾಗೆ ಗ್ಲಾಸು ಬಿಟ್ಟು ಹೋಗಬೇಡಿ. ಕುಡಿಯದವರೂ ಬನ್ನಿ, ಲೈಮ್ ಸೋಡಾ 1 ಪೌಂಡ್ 50. ಮೂಲೆ ಬೆಂಚು ಖಾಲಿ ಇದ್ದರೆ ಅಲ್ಲೇ ಕೂರಿ, ಅಂಗಾಲಿನ ಕೆಳಗೆ ಸಣ್ಣಗೆ ಗುಂಯ್ ಅನ್ನುವುದು ನನ್ನ ಕೂಲರು.

ಸೋಮವಾರ, ಮಂಗಳವಾರ ಬಾಗಿಲು ಹಾಕಿರುತ್ತದೆ. ಬುಧವಾರ ಸಂಜೆ ಹೊಸ ಪೀಪಾಯಿ ಚುಚ್ಚುತ್ತಾರೆ. ಮೊದಲ ಸಲ ಬರುವವರು ಗುರುವಾರ ಬನ್ನಿ, ಆವತ್ತಿಗೆ ಅದು ಸರಿಯಾದ ಹದಕ್ಕೆ ಬಂದಿರುತ್ತದೆ.