ಬ್ಲೂಬರ್ಡಾ, ಪಿ-ಲಿಮಿಟ್ಟಾ, ಬರೀ ಜಾವಾಸ್ಕ್ರಿಪ್ಟಾ?

ಡೊಂಬಿವಲಿಯ ನಮ್ಮ ಕನ್ನಡ ಬಳಗದ ಹಳೆಯ ಸ್ಮರಣ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿಟ್ಟಿದ್ದರು. ಒಟ್ಟು 640 ಪುಟ. ಎಲ್ಲವನ್ನೂ ಚಿಕ್ಕದು ಮಾಡಿ ಸರ್ವರ್‌ಗೆ ಏರಿಸುವ ಕೆಲಸ ನನಗೆ ಬಂತು. ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ ಅದೇ ಸ್ಕ್ರಿಪ್ಟನ್ನು ಮೂರು ಥರ ಬರೆದು ನೋಡಿದೆ: ಬರೀ ಜಾವಾಸ್ಕ್ರಿಪ್ಟಿನಲ್ಲಿ, ಆಮೇಲೆ ಬ್ಲೂಬರ್ಡ್, ಪಿ-ಲಿಮಿಟ್ ಎಂಬ ಎರಡು ಲೈಬ್ರರಿಗಳಲ್ಲಿ.

ಮೊದಲು ಲೈಬ್ರರಿಯೇ ಇಲ್ಲದೆ. ಪ್ರಾಮಿಸ್ (ಮುಂದೆ ಬರುವ ಫಲಿತಾಂಶಕ್ಕೆ ಈಗಲೇ ಸಿಗುವ ಚೀಟಿ) 2015ರಲ್ಲೇ ಭಾಷೆಯೊಳಗೆ ಬಂತು, ಅದಕ್ಕೆ ಕಾಯುವುದನ್ನು ಸರಳವಾಗಿ ಬರೆಯಲು ಬಿಡುವ ಅಸಿಂಕ್-ಅವೇಟ್ 2017ರಲ್ಲಿ. ಓದಲು ತುಂಬಾ ಚೆನ್ನ. ಆದರೆ ಪುಟಗಳ ಪಟ್ಟಿಗೆ ಮ್ಯಾಪ್ ಹಾಕಿ, ಅಂದರೆ ಪ್ರತಿ ಪುಟಕ್ಕೂ ಅಪ್‌ಲೋಡ್ ಫಂಕ್ಷನ್ ಕರೆದು, ಬಂದ ಪ್ರಾಮಿಸ್‌ಗಳನ್ನು ಪ್ರಾಮಿಸ್.ಆಲ್‌ಗೆ ಕೊಟ್ಟೆ ನೋಡಿ, 640 ಅಪ್‌ಲೋಡ್ ಒಟ್ಟಿಗೇ ಹೊರಟವು. ಸರ್ವರ್ 429 (ಕೋರಿಕೆಗಳು ತೀರಾ ಹೆಚ್ಚಾದವು) ಎಂದು ಬಾಗಿಲು ಹಾಕಿತು. ಪ್ರಾಮಿಸ್.ಆಲ್ ಯಾವುದನ್ನೂ ಶುರು ಮಾಡುವುದಿಲ್ಲ, ಸುಮ್ನೆ ಕಾಯುತ್ತದೆ. ಫಂಕ್ಷನ್ ಕರೆದ ಕ್ಷಣವೇ ಕೆಲಸ ಶುರುವಾಗಿರುತ್ತದೆ. ಒಂದು ಸೋತರೆ ಆಲ್ ಕೈಬಿಡುತ್ತದೆ, ಉಳಿದವು ಹಿಂದೆ ಓಡುತ್ತಲೇ ಇರುತ್ತವೆ. ಅದಕ್ಕೆ ಗೆದ್ದರೂ ಸೋತರೂ ಎಲ್ಲ ಮುಗಿಯುವವರೆಗೆ ಕಾಯುವ 2020ರ ಆಲ್‌ಸೆಟಲ್ಡ್ ಇದೆ. ಆದರೆ ಸಾಲಿನಲ್ಲಿ ನಿಲ್ಲಿಸುವ ವ್ಯವಸ್ಥೆ ಮಾತ್ರ ಇಲ್ಲ.

ಬ್ಲೂಬರ್ಡ್‌ನಲ್ಲಿ ಅದು ಇದೆ. ಪ್ರಾಮಿಸ್.ಮ್ಯಾಪ್‌ಗೆ ಕಾನ್‌ಕರೆನ್ಸಿ 5 ಅಂದರೆ ಒಂದು ಹೊತ್ತಿಗೆ ಐದೇ. ಹೇಳಿದ ಹೊತ್ತಿಗೆ ಮುಗಿಯದಿದ್ದರೆ ಸೋತಿತು ಎನ್ನುವ ಟೈಮ್‌ಔಟ್ ಕೂಡ ಸಿದ್ಧವಾಗಿದೆ. ಆದರೆ ಅಸಿಂಕ್ ಫಂಕ್ಷನ್ ಯಾವಾಗಲೂ ಭಾಷೆಯ ಸ್ವಂತ ಪ್ರಾಮಿಸನ್ನೇ ಕೊಡುತ್ತದೆ. ಅದರ ಮುಂದೆ ಬ್ಲೂಬರ್ಡಿನ ಟೈಮ್‌ಔಟ್ ಹಾಕಲು ಹೋದರೆ 'ಅಂಥ ಫಂಕ್ಷನ್ ಇಲ್ಲ' ಎಂಬ ಎರರ್. ಪ್ರತಿ ಸಲ ಬ್ಲೂಬರ್ಡಿನಲ್ಲಿ ಸುತ್ತಿ ಕೊಡಬೇಕು. ಅರ್ಧ ಸಂಜೆ ಹೋಯಿತು. ಈಗ ಬ್ಲೂಬರ್ಡ್ ಮಾಡಿದವರೇ ಸಾಧ್ಯವಾದರೆ ಭಾಷೆಯ ಪ್ರಾಮಿಸ್ ಬಳಸಿ ಅನ್ನುತ್ತಾರೆ. ಕಾಲ್‌ಬ್ಯಾಕ್ (ಕೆಲಸ ಮುಗಿದ ಮೇಲೆ ಕರೆಯಲು ಕೊಡುವ ಫಂಕ್ಷನ್) ತುಂಬಿದ ಹಳೆಯ ಪ್ರಾಜೆಕ್ಟ್ ಆದರೆ ಅಂಥ ಫಂಕ್ಷನ್‌ಗಳನ್ನು ಪ್ರಾಮಿಸ್ ಕೊಡುವಂತೆ ಮಾಡುವ ಬ್ಲೂಬರ್ಡಿನ ಪ್ರಾಮಿಸಿಫೈಆಲ್ ಇಂದಿಗೂ ಉಪಯೋಗಕ್ಕೆ ಬರುತ್ತದೆ.

ಪಿ-ಲಿಮಿಟ್ ಮಾಡುವುದು ಒಂದೇ ಕೆಲಸ, ಸಾಲು ಹಿಡಿಸುವುದು. ಮಿತಿ 5 ಎಂದು ಹೇಳಿ, ಪ್ರತಿ ಅಪ್‌ಲೋಡನ್ನೂ ಅದರ ಮೂಲಕ ಕಳಿಸಿದರೆ ಸಾಕು. ಕೊಡುವಾಗ ಫಂಕ್ಷನ್ನನ್ನೇ ಕೊಡಬೇಕು, ಕರೆದು ಕೊಡಬಾರದು. ಕರೆದರೆ ಕೆಲಸ ಆಗಲೇ ಶುರುವಾಯಿತು, ಮಿತಿಗೆ ಅರ್ಥವಿಲ್ಲ. ಮೊದಲ ಸಲ ನಾನು ಕರೆದೇ ಕೊಟ್ಟಿದ್ದೆ, ಮತ್ತೆ ಅದೇ 429. ಹಳೆಯ ನೋಡ್ ಇದ್ದರೆ ಇನ್ನೊಂದು ಮಾತು: ಪಿ-ಲಿಮಿಟ್‌ನ 4ನೇ ಆವೃತ್ತಿಯಿಂದ ಅದನ್ನು ಒಳಗೆ ತರಲು ಹಳೆಯ ರೀತಿಯ ರಿಕ್ವೈರ್ ನಡೆಯುವುದಿಲ್ಲ, ಇಂಪೋರ್ಟೇ ಬೇಕು.

ಅಸಿಂಕ್-ಅವೇಟ್ ಜೊತೆ ಪಿ-ಲಿಮಿಟ್, ಇದನ್ನೇ ಉಳಿಸಿಕೊಂಡೆ. ಕಳೆದ ಭಾನುವಾರ ಕಾರ್ಯದರ್ಶಿಗಳು ಇನ್ನೆರಡು ಸಂಚಿಕೆ ತಂದುಕೊಟ್ಟರು. ಮಿತಿ ಐದರಲ್ಲೇ ಬಿಟ್ಟು ಓಡಿಸಿದೆ. ಎಲ್ಲ ಪುಟಗಳೂ ಏರಿದವು.