ಗೊಬ್ಬರದ ಗಿಡ: ಗೂಟವೇ, ಬೀಜವೇ?

ತಿಪಟೂರು ಸೀಮೆಯಲ್ಲಿ ಗೊಬ್ಬರದ ಗಿಡ ಬೇಕೆಂದು ಯಾರನ್ನಾದರೂ ಕೇಳಿದರೆ ಬೇಲಿಯ ಕಡೆ ಕೈ ತೋರಿಸಿ, "ಬೇಕಾದಷ್ಟು ಗೂಟ ಕಡಿದುಕೊಂಡು ಹೋಗಿ" ಎನ್ನುತ್ತಾರೆ. ಬೀಜ ಇದ್ದರೆ ಕೊಡಿ ಎಂದರೆ ಮುಖ ನೋಡುತ್ತಾರೆ. ಗ್ಲಿರಿಸಿಡಿಯಾ ಎಂದರೆ ಗೂಟ ಊರಿ ಬೆಳೆಸುವ ಗಿಡ ಎಂಬುದು ಎಲ್ಲರ ತೀರ್ಮಾನ. ನಮ್ಮ ರಾಗಿ ಹೊಲದ ಬದುಗಳ ಮೇಲೆ ಗೂಟ, ಚೀಲದ ಸಸಿ, ನೇರವಾಗಿ ಊರಿದ ಬೀಜ ಈ ಮೂರನ್ನೂ ಹಾಕಿ, ಒಂದೇ ಮಳೆ ಒಂದೇ ಬಿಸಿಲಿನಲ್ಲಿ ಅವು ಬೆಳೆದದ್ದನ್ನೂ ಸತ್ತದ್ದನ್ನೂ ನೋಡಿದ ಮೇಲೆ ನಾನು ಹೇಳುವುದು ಇಷ್ಟು: ನೀರು ಕಾಣದ ಬದುವಿಗೆ ಬೀಜದ ಸಸಿ, ತೋಟದ ಅಂಚಿಗೂ ಮಲೆನಾಡಿಗೂ ಗೂಟ.

ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ ಈ ಗಿಡದ ಹುಟ್ಟೂರು. ಅಲ್ಲಿ ಕೋಕೋ ತೋಟಗಳಿಗೆ ನೆರಳಾಗಿ ನಿಂತಿದ್ದು ಕಡಲು ದಾಟಿ ಏಷ್ಯಾಕ್ಕೆ ಬಂತು. ಶ್ರೀಲಂಕಾದಲ್ಲಂತೂ ಚಹಾ, ರಬ್ಬರ್, ತೆಂಗಿನ ನಂತರದ ನಾಲ್ಕನೆಯ ತೋಟದ ಬೆಳೆ ಎಂಬ ಪಟ್ಟವನ್ನೇ ಇದಕ್ಕೆ ಕಟ್ಟಿದ್ದಾರೆ. ತನ್ನಷ್ಟಕ್ಕೆ ಬಿಟ್ಟರೆ ಮೂವತ್ತು ಅಡಿಯ ಮರವಾಗುತ್ತದೆ. ವರ್ಷಕ್ಕೆ ಎರಡು ಮೂರು ಸಲ ಸವರುತ್ತಿದ್ದರೆ ಎದೆಯೆತ್ತರದ ಪೊದೆಯಾಗಿ ಉಳಿಯುತ್ತದೆ. ದ್ವಿದಳ ಜಾತಿಯಾದ್ದರಿಂದ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ. ಒಣಗಿದ ಎಲೆಯ ತೂಕದಲ್ಲಿ ಸಾಮಾನ್ಯವಾಗಿ ಶೇ 2.5ರಿಂದ 4ರಷ್ಟು ಸಾರಜನಕ ಇರುತ್ತದೆ. ಬದುವಿನಿಂದ ಹತ್ತು ಹೆಜ್ಜೆ ಆಚೆಗಿರುವ ತೆಂಗಿನ ಪಾತಿಗೆ ಅಷ್ಟು ಸಿಕ್ಕರೆ ಸಾಕು. ಸುಬಾಬುಲ್ ಕೂಡ ಇಷ್ಟೇ ಸೊಪ್ಪು ಕೊಡುತ್ತದೆಯಲ್ಲ ಎಂದು ಕೇಳುವವರಿದ್ದಾರೆ. ಕೊಡುತ್ತದೆ, ಜೊತೆಗೆ ಹೊಲದ ತುಂಬ ಮರಿಗಳನ್ನೂ ಕೊಡುತ್ತದೆ. ಅದನ್ನು ಕಿತ್ತು ಕಿತ್ತು ಬೇಸತ್ತವರನ್ನು ಕೇಳಿ ನೋಡಿ.

ಗೂಟದ ಆಕರ್ಷಣೆ ಏನೆಂದು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಪುಕ್ಕಟೆ ಸಿಗುತ್ತದೆ. ನೆಟ್ಟ ದಿನವೇ ಬೇಲಿಯಂತೆ ಕಾಣುತ್ತದೆ. ಕೊಂಬೆಯನ್ನು ಆರಿಸುವುದರಲ್ಲಿ ಅರ್ಧ ಕೆಲಸ ಮುಗಿಯುತ್ತದೆ: ತೊಗಟೆಯ ಹಸಿರು ಮಾಸಿ ಬೂದುಗಂದಾಗಿ, ಮೇಲೆ ಬಿಳಿ ಚುಕ್ಕೆಗಳು ಎದ್ದಿರಬೇಕು. ಎಳೆಯ ಹಸಿರು ಕೊಂಬೆ ಮಣ್ಣಿನೊಳಗೆ ಕೊಳೆಯುತ್ತದೆ. ಮಣಿಕಟ್ಟಿನ ದಪ್ಪ, ಐದಾರು ಅಡಿ ಉದ್ದ ಇದ್ದರೆ ಸರಿ. ಬುಡದ ತುದಿಯನ್ನು ಓರೆಯಾಗಿಯೂ ತಲೆಯನ್ನು ನೇರವಾಗಿಯೂ ಕಡಿಯಬೇಕು. ಹೀಗೆ ಕಡಿದರೆ ಇನ್ನೊಂದು ಲಾಭವಿದೆ. ರಾಶಿ ಹಾಕಿದ ಗೂಟಗಳಲ್ಲಿ ಯಾವುದು ತಲೆ, ಯಾವುದು ಬುಡ ಎಂದು ಆಳುಗಳಿಗೆ ತಿಳಿಯುವುದಿಲ್ಲ, ತಲೆಕೆಳಗಾಗಿ ಊರಿಬಿಡುತ್ತಾರೆ. ಓರೆ ತುದಿ ಕೆಳಗೆ ಎಂದು ಒಂದು ಮಾತು ಹೇಳಿದರೆ ಆ ತೊಂದರೆ ಇಲ್ಲ. ಗೂಟವನ್ನು ಸುತ್ತಿಗೆಯಿಂದ ಹೊಡೆದು ಇಳಿಸಬಾರದು, ತೊಗಟೆ ಸುಲಿದುಹೋಗುತ್ತದೆ. ಮೊದಲು ಹಾರೆಯಲ್ಲಿ ಒಂದೂವರೆ ಅಡಿ ಕುಳಿ ತೆಗೆದು, ಇಳಿಸಿ, ಸುತ್ತ ಮಣ್ಣು ತುಳಿಯಬೇಕು. ತಲೆಯ ಗಾಯಕ್ಕೆ ಸಗಣಿ ಮೆತ್ತಿದರೆ ಮೇಲಿನಿಂದ ಒಣಗುತ್ತಾ ಬರುವುದು ಕಡಿಮೆಯಾಗುತ್ತದೆ.

ಮೃಗಶಿರ ಮಳೆಗೆ ಊರಿದ ಗೂಟಗಳು ಆರಿದ್ರಾ ಮುಗಿಯುವಷ್ಟರಲ್ಲಿ ತಲೆ ತುಂಬ ಚಿಗುರಿದವು. ಅದೇ ಬದುವಿನ ಇನ್ನೊಂದು ತುದಿಯಲ್ಲಿ ಚೀಲದಿಂದ ಇಳಿಸಿದ ಸಸಿಗಳು ಮೊಣಕಾಲಿಗೂ ಬಂದಿರಲಿಲ್ಲ. ಪಕ್ಕದ ಹೊಲದ ಹಿರಿಯರು ಬದುವಿನ ಮೇಲೆ ನಿಂತು, "ಏನು ಸ್ವಾಮಿ, ದುಡ್ಡು ಕೊಟ್ಟು ಚೀಲ ತುಂಬಿಸಿದ್ದು ಇದಕ್ಕೇನಾ?" ಎಂದು ನಕ್ಕರು. ಆ ಹೊತ್ತಿನಲ್ಲಿ ಯಾರೇ ನೋಡಿದರೂ ಹಾಗೆಯೇ ಅನ್ನುತ್ತಿದ್ದರು.

ಆದರೆ ಚೆನ್ನಾಗಿ ಚಿಗುರಿದ ಆ ಗೂಟಗಳಲ್ಲೇ ಒಂದನ್ನು ಕಿತ್ತು ನೋಡಿ. ಮೇಲೆ ಗೇಣುದ್ದದ ಚಿಗುರು, ಗರಿ ಬಿಚ್ಚಿದ ಎಲೆ. ಕೆಳಗೆ ಓರೆ ಕಡಿತದ ಅಂಚಿನಲ್ಲಿ ಉಂಗುರದಂತೆ ಊದಿಕೊಂಡ ಬಿಳಿ ದಡ್ಡು, ಅದರ ಮೇಲೆ ಅಕ್ಕಿಕಾಳಿನಷ್ಟು ಮೂತಿ ತೂರಿಸಿರುವ ಎರಡು ಮೂರು ಬೇರು. ಅಷ್ಟೆ. ಮೇಲಿನ ಹಸಿರೆಲ್ಲ ಕಣಜದಲ್ಲಿದ್ದ ಹಳೆಯ ಕಾಳು ತೆಗೆದು ಮಾಡಿದ ಹಬ್ಬ. ಕೊಂಬೆಯೊಳಗೆ ಕೂಡಿಟ್ಟ ಸತ್ವ ಮುಗಿಯುವುದರೊಳಗೆ ಬೇರು ಇಳಿದರೆ ಬದುಕು. ನಡುವೆ ಮಳೆ ಕೈಕೊಟ್ಟರೆ ಚಿಗುರು ಬಾಡಿ, ತೊಗಟೆ ಸುಕ್ಕುಗಟ್ಟಿ ಗೂಟ ನಿಂತಲ್ಲೇ ಸಾಯುತ್ತದೆ. ನಮ್ಮ ಬದುವಿನಲ್ಲಿ ಮುಂಗಾರಿನ ನಡುವಿನ ಬಿಡುವಿನಲ್ಲೇ ಸುಮಾರು ಮೂರನೆಯ ಒಂದು ಪಾಲು ಹೀಗೆ ಹೋಯಿತು. ಹಾಗಾಗಿ ಗೂಟದ ಗೆಲುವನ್ನು ಚಿಗುರು ನೋಡಿ ಎಣಿಸಬಾರದು, ದೀಪಾವಳಿ ಕಳೆದ ಮೇಲೆ ಎಣಿಸಬೇಕು.

ಬೀಜದ ಸಸಿಗೆ ಚೈತ್ರದಲ್ಲೇ ಕೆಲಸ ಶುರು. ಬೀಜಕ್ಕೆ ಬಿಸಿನೀರಿನ ಉಪಚಾರ, ಸಿಪ್ಪೆ ಉಜ್ಜುವುದು ಯಾವುದೂ ಬೇಡ. ಈ ವಿಷಯದಲ್ಲಿ ಸುಬಾಬುಲ್‌ಗಿಂತ ಇದು ಸಾಧು. ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಸಿ, ಅರ್ಧ ಇಂಚು ಆಳಕ್ಕೆ ಊರಿದರೆ ವಾರ ಹತ್ತು ದಿನದಲ್ಲಿ ಮೊಳೆಯುತ್ತದೆ. ಹೊಸ ಬೀಜವಾದರೆ ಹತ್ತಕ್ಕೆ ಎಂಟಕ್ಕೆ ಮೋಸವಿಲ್ಲ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ. ಇದರ ಮೇಲೆ ಹಳೆಯ ಗ್ಲಿರಿಸಿಡಿಯಾದ ಬುಡದಿಂದ ಕೆರೆದ ಮಣ್ಣನ್ನು ಚೀಲಕ್ಕೆ ಒಂದೊಂದು ಹಿಡಿ ಸೇರಿಸಿದೆ, ಬೇರಿನ ಗಂಟು ಕಟ್ಟಿಸುವ ಬ್ಯಾಕ್ಟೀರಿಯಾ ಆ ಮಣ್ಣಿನಲ್ಲಿ ಇರುತ್ತದೆ ಎಂಬ ಲೆಕ್ಕದಲ್ಲಿ. ಕೆಲವು ಚೀಲಗಳಿಗೆ ಬೇಕೆಂದೇ ಸೇರಿಸದೆ ಬಿಟ್ಟೆ. ವ್ಯತ್ಯಾಸ ಬಣ್ಣದಲ್ಲೇ ಕಂಡಿತು: ಮಣ್ಣು ಸೇರಿಸಿದವು ಕಡುಹಸಿರು, ಉಳಿದವು ಒಂದೂವರೆ ತಿಂಗಳಾದರೂ ತೆಳುಹಳದಿ. ಕಡುಹಸಿರು ಸಸಿಯ ಬೇರಿನಿಂದ ಒಂದು ಗಂಟು ಬಿಡಿಸಿ ಉಗುರಿನಲ್ಲಿ ಸೀಳಿದರೆ ಒಳಗೆ ತಿಳಿಗೆಂಪು. ಆ ಕೆಂಪು ಇದ್ದರೆ ಗಂಟು ಕೆಲಸ ಮಾಡುತ್ತಿದೆ ಎಂದರ್ಥ. ಒಳಗೆ ಬಿಳಿಯಾಗಿಯೋ ಹಸಿರಾಗಿಯೋ ಇದ್ದರೆ ಅದು ಬರಿಯ ಗಂಟು.

ಚೀಲದಲ್ಲಿ ಸಸಿಯನ್ನು ಮೂರು ತಿಂಗಳಿಗಿಂತ ಹೆಚ್ಚು ಇಡಬಾರದು. ತಾಯಿಬೇರು ತಳ ಮುಟ್ಟಿ ಸುತ್ತಿಕೊಳ್ಳಲು ಶುರುಮಾಡಿದರೆ ಬೀಜದಿಂದ ಬೆಳೆಸಿದ್ದೇ ವ್ಯರ್ಥ. ನರ್ಸರಿಯೊಂದರಿಂದ ತಂದ, ವರ್ಷ ಮೀರಿದ ದೊಡ್ಡ ಸಸಿಗಳ ಚೀಲ ಹರಿದಾಗ ತಳದಲ್ಲಿ ಬೇರು ಸಿಂಬೆಯಂತೆ ಸುತ್ತಿಕೊಂಡಿತ್ತು. ಅವು ಗೂಟಕ್ಕಿಂತಲೂ ಕಡೆಯಾದವು. ಎತ್ತರ ನೋಡಿ ಸಸಿ ಕೊಳ್ಳುವವರು ಇದನ್ನು ಗಮನಿಸಬೇಕು. ಒಂದು ಅಡಿಯ ಸಸಿಯೇ ಒಳ್ಳೆಯದು.

ನಿಜವಾದ ವ್ಯತ್ಯಾಸ ಕಾಣಿಸಿದ್ದು ಎರಡನೆಯ ಬೇಸಿಗೆಯಲ್ಲಿ. ಶಿವರಾತ್ರಿಯ ಹೊತ್ತಿಗೆ ಬದುಕುಳಿದ ಗೂಟಗಳು ಎಲೆಯೆಲ್ಲ ಉದುರಿಸಿ ಬೋಳಾದವು. ಬೀಜದ ಗಿಡಗಳು ಎಲೆ ಉದುರಿಸಿದರೂ ತುದಿಯಲ್ಲಿ ಹಸಿರು ಉಳಿಸಿಕೊಂಡಿದ್ದವು, ಭರಣಿಯ ಮೊದಲ ಹನಿಗೇ ಚಿಗುರಿದವು. ಹನಿ ನೀರಾವರಿ ಪೈಪಿಗೆಂದು ಬದುವಿನ ಮಗ್ಗುಲಲ್ಲಿ ಕಾಲುವೆ ತೋಡಿಸಿದಾಗ ಕಾರಣ ಕಣ್ಣಿಗೇ ಬಿತ್ತು. ಗೂಟದ ಬೇರುಗಳು ಕಡಿತದ ಅಂಚಿನಿಂದ ಹೊರಟು, ಮೇಲಿನ ಒಂದು ಒಂದೂವರೆ ಅಡಿ ಮಣ್ಣಿನಲ್ಲೇ ಅಡ್ಡಡ್ಡ ಹರಿದು ರಾಗಿ ಸಾಲಿಗೆ ನುಗ್ಗಿದ್ದವು. ತಾಯಿಬೇರು ಎಂಬುದೇ ಇಲ್ಲ. ಬೀಜದ ಗಿಡದ ಬೇರು ಹೆಬ್ಬೆರಳಿನ ದಪ್ಪಕ್ಕೆ ನೇರ ಕೆಳಗಿಳಿದು, ಕಾಲುವೆಯ ತಳವನ್ನೂ ದಾಟಿ ಜಂಬಿಟ್ಟಿಗೆ ಮಣ್ಣಿನೊಳಗೆ ಹೋಗಿತ್ತು. ಬದುವಿನ ಪಕ್ಕದ ರಾಗಿ ಸಾಲು ಎಲ್ಲಿ ಕುಗ್ಗಿದೆ, ಎಲ್ಲಿ ಇಲ್ಲ ಎಂಬುದನ್ನು ಅದರ ಜೊತೆ ಇಟ್ಟು ನೋಡಿದರೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಜೋರು ಗಾಳಿಗೆ ವಾಲಿದವೂ ಗೂಟದ ಗಿಡಗಳೇ.

ನೇರವಾಗಿ ಬದುವಿನಲ್ಲಿ ಬೀಜ ಊರುವುದು ಕೇಳಲು ಚೆನ್ನ: ಚೀಲದ ಖರ್ಚಿಲ್ಲ, ಬೇರು ಸುತ್ತುವ ಭಯವಿಲ್ಲ. ಮೊಳೆಯುವುದೂ ಚೆನ್ನಾಗಿಯೇ ಮೊಳೆಯುತ್ತದೆ. ಆಮೇಲೆ ಕೆಂಪು ಮಣ್ಣು ಒಂದು ಬಿರುಮಳೆಗೆ ಹೆಪ್ಪುಗಟ್ಟುತ್ತದೆ, ಹುಲ್ಲು ಮೇಲೆ ಬೀಳುತ್ತದೆ, ಕುರಿ ಹಿಂಡು ಬದುವಿನ ಮೇಲೆಯೇ ನಡೆಯುತ್ತದೆ. ಇವೆಲ್ಲದರಿಂದ ಉಳಿದದ್ದನ್ನು ಕಳೆ ಕೀಳಲು ಬಂದವರು ಕಳೆಯೆಂದೇ ಕಿತ್ತರು. ಅಷ್ಟು ಸಣ್ಣ ಗಿಡವನ್ನು ಅವರು ಗುರುತು ಹಿಡಿಯಬೇಕೆನ್ನುವುದೂ ನ್ಯಾಯವಲ್ಲ. ಬೇಲಿ ಭದ್ರವಾಗಿದ್ದು, ದಿನಾ ಹೊಲಕ್ಕೆ ಹೋಗುವವರಿಗೆ ಮಾತ್ರ ಈ ದಾರಿ. ಪೆನ್ಸಿಲ್ ದಪ್ಪದ ತುಂಡುಗಳನ್ನು ಚೀಲದಲ್ಲಿ ಬೇರು ಬರಿಸುವ ನಾಲ್ಕನೆಯ ವಿಧಾನವೂ ಇದೆ. ಚೀಲದ ಖರ್ಚು ಬೀಜದ್ದು, ಬೇರಿನ ಗುಣ ಗೂಟದ್ದು. ಅದರ ಬಗ್ಗೆ ಹೆಚ್ಚು ಬರೆಯುವಂಥದ್ದೇನಿಲ್ಲ.

ಇಷ್ಟನ್ನೇ ಓದಿ ಗೂಟವನ್ನು ಕೈಬಿಡಬೇಡಿ. ತೀರ್ಥಹಳ್ಳಿ ಕಡೆಯ ನಮ್ಮ ಭಾವನವರ ತೋಟದಲ್ಲಿ ಲೆಕ್ಕವೇ ಬೇರೆ. ಅಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ, ಗೂಟದ ಬೇರಿಗೆ ಬೇಕಾದ ತೇವಕ್ಕೆ ಬರವಿಲ್ಲ. ಕಾಳುಮೆಣಸಿನ ಬಳ್ಳಿ ಹಬ್ಬಿಸಲು ಮೊದಲು ಹಾಲುವಾಣವನ್ನೇ ನೆಡುತ್ತಿದ್ದರು. 2000ರ ದಶಕದ ನಡುವಿನಲ್ಲಿ ಹಾಲುವಾಣದ ಚಿಗುರನ್ನು ಗಂಟುಗಟ್ಟಿಸುವ ಸಣ್ಣ ಕಣಜದ ಹುಳು ದಕ್ಷಿಣ ಭಾರತಕ್ಕೆ ಬಂದ ಮೇಲೆ ಗ್ಲಿರಿಸಿಡಿಯಾದ ಕಡೆ ತಿರುಗಿದವರು ಎಷ್ಟೋ ಜನ. ಬಳ್ಳಿಗೆ ಆಸರೆ ಬೇಕಾದದ್ದು ಈ ವರ್ಷವೇ, ಇನ್ನು ನಾಲ್ಕು ವರ್ಷಕ್ಕಲ್ಲ. ಅಂಥ ಕಡೆ ಬೀಜದ ಸಸಿ ಹಿಡಿದು ಕುಳಿತರೆ ಆಗುವುದಿಲ್ಲ. ಮಾರ್ಚ್ ಏಪ್ರಿಲ್‌ನಲ್ಲಿ ಕಡಿದು, ನೆರಳಿನಲ್ಲಿ ನಿಲ್ಲಿಸಿಟ್ಟು, ಕಣ್ಣು ಒಡೆಯುವ ಹೊತ್ತಿಗೆ ಮುಂಗಾರಿನ ಮುಂಚಿನ ಮಳೆಗೆ ಊರುತ್ತಾರೆ. ಸತ್ತದ್ದನ್ನು ಹುಡುಕಬೇಕು, ಅಷ್ಟು ಚೆನ್ನಾಗಿ ಬರುತ್ತದೆ. ನೀರು ನಿಲ್ಲುವ ಜವುಗಿನಲ್ಲಿ ಮಾತ್ರ ಬುಡ ಕಪ್ಪಾಗಿ ಕೊಳೆಯುತ್ತದೆ.

ಅಲ್ಲದೆ ಮಲೆನಾಡಿನಲ್ಲಿ ಬೀಜವೇ ಸರಿಯಾಗಿ ಕಟ್ಟುವುದಿಲ್ಲ. ಹೂ ಬಿಟ್ಟು ಕಾಯಿ ಬಲಿಯಲು ಒಣ ಹವೆ ಬೇಕು. ಬೀಜ ಬೇಕಾದರೆ ಬಯಲುಸೀಮೆಯ, ಎರಡು ವರ್ಷ ಸವರದೆ ಬಿಟ್ಟ ಗಿಡಗಳನ್ನೇ ಹುಡುಕಬೇಕು. ಸವರಿದ ಗಿಡ ಸೊಪ್ಪು ಕೊಡುತ್ತದೆ, ಹೂ ಕೊಡುವುದಿಲ್ಲ. ಹೂ ಬರುವುದು ಬಲಿತ ಕೊಂಬೆಯಲ್ಲಿ. ನಮ್ಮೂರಿನಲ್ಲಿ ಬೀಜ ಕಾಣದೆ ಇರುವುದಕ್ಕೆ ಇದೂ ಕಾರಣ. ಒಂದೇ ಗಿಡದಿಂದ ಕಾಯಿ ಕೀಳುವುದಕ್ಕಿಂತ ದೂರದೂರದ ಐದಾರು ಗಿಡಗಳಿಂದ ಬೆರೆಸುವುದು ಮೇಲು. ಊರಿನ ಗೂಟಗಳೆಲ್ಲ ಯಾವುದೋ ಒಂದೆರಡು ಮರದ ಮಕ್ಕಳು, ಅವುಗಳ ಒಳ್ಳೆಯದೂ ಕೆಟ್ಟದ್ದೂ ಒಂದೇ.

ಖರ್ಚಿನ ಮಾತು ಬಂದರೆ ಮೊದಲ ವರ್ಷ ಗೂಟವೇ ಅಗ್ಗ, ಅನುಮಾನವಿಲ್ಲ. ಸತ್ತ ಗೂಟದ ಜಾಗಕ್ಕೆ ಮತ್ತೆ ಕಡಿಸಿ, ಸಾಗಿಸಿ, ಕುಳಿ ತೋಡಿಸಿ ಊರುವ ಕೂಲಿಯನ್ನು ಸೇರಿಸಿದರೆ ಒಣ ಬದುವಿನಲ್ಲಿ ಆ ಅಗ್ಗ ಉಳಿಯುವುದಿಲ್ಲ. ಚೀಲದ ಸಸಿ ಒಬ್ಬಾಳು ಬುಟ್ಟಿಯಲ್ಲಿ ಹೊತ್ತೊಯ್ಯುವ ಸರಕು; ಅಷ್ಟೇ ಗೂಟಕ್ಕೆ ಗಾಡಿ ಬೇಕು. ಸೊಪ್ಪಿನ ವಿಷಯದಲ್ಲಿ ಮೊದಲ ಕೊಯ್ಲು ಗೂಟದ್ದು, ಮೂರನೆಯ ವರ್ಷದಿಂದ ಬೀಜದ ಗಿಡದ್ದೇ ಮೇಲುಗೈ. ತಾಜಾ ಸೊಪ್ಪಿನ ವಾಸನೆಗೆ ನಮ್ಮ ಹಸುಗಳು ಮೂತಿ ತಿರುಗಿಸುತ್ತವೆ. ಒಂದು ದಿನ ಬಾಡಿಸಿ ಹಾಕಿದರೆ ತಿನ್ನುತ್ತವೆ. ಇದರಲ್ಲಿ ಗೂಟ, ಬೀಜ ಎಂಬ ಭೇದವಿಲ್ಲ.

ಈಗ ಹೊಸದಾಗಿ ಹಚ್ಚುತ್ತಿರುವ ಬದುವಿನಲ್ಲಿ ಎರಡನ್ನೂ ಬೆರೆಸಿದ್ದೇನೆ. ಕೊಳವೆಬಾವಿಯ ತೊಟ್ಟಿಯಿಂದ ನೀರು ಜಿನುಗುವ ಕೆಳತುದಿಗೆ ಗೂಟ, ದನ ನುಗ್ಗುವ ದಾರಿಯ ಮಗ್ಗುಲಿಗೂ ಗೂಟ. ಉಳಿದ ಉದ್ದಕ್ಕೆಲ್ಲ ಎರಡೆರಡು ಅಡಿಗೆ ಒಂದರಂತೆ ಬೀಜದ ಸಸಿ. ಸಸಿಯ ಸಾಲಿಗೆ ಮೊದಲ ವರ್ಷ ಮಚ್ಚು ತಾಗಿಸುವಂತಿಲ್ಲ. ಎರಡನೆಯ ಮುಂಗಾರಿಗೆ ಮೊದಲು ಎರಡೂವರೆ ಮೂರು ಅಡಿ ಎತ್ತರಕ್ಕೆ ಒಂದು ಸಲ ಸವರಿ, ಆ ಸೊಪ್ಪನ್ನು ರಾಗಿ ಬಿತ್ತುವ ಮುಂಚೆ ಉಳುಮೆಗೆ ಸೇರಿಸಬೇಕು. ಬೀಜಕ್ಕೆಂದು ಮೂಲೆಯ ನಾಲ್ಕು ಗಿಡಗಳನ್ನು ಸವರದೆ ಬಿಡುತ್ತೇನೆ. ಕಾಯಿ ಹಸಿರು ಕಳೆದು ಹಳದಿಗೆ ತಿರುಗುತ್ತಿದ್ದಂತೆಯೇ ಕಿತ್ತು ಗೋಣಿತಾಟಿನ ಕೆಳಗೆ ಒಣಹಾಕಬೇಕು. ಮರದಲ್ಲೇ ಬಿಟ್ಟರೆ ಬಿಸಿಲೇರಿದ ಮಧ್ಯಾಹ್ನ ಚಟ್ ಎಂದು ಸಿಡಿದು ಬೀಜ ಹೊಲದ ನಡುವಿಗೆ ಹಾರುತ್ತದೆ, ಆಮೇಲೆ ಒಂದೊಂದನ್ನೇ ಹೆಕ್ಕಲು ಯಾರಿಗೂ ಪುರುಸೊತ್ತಿರುವುದಿಲ್ಲ.